ಹುಬ್ಬಳ್ಳಿ ಡಬ್ಬಿ, ಧಾರವಾಡ ಡಬ್ಬಿ

ನಮ್ಮ ಗಿರಿಜಾ ವೈನಿ ಚರ್ಮವನ್ನು ಕಿವಿಯಿಂದ ನೋಡುತ್ತಿದ್ದರು. ಹೀಗೆಂದರೆ ಜನ ನಗುತ್ತಾರೆ. ನಗಲಿ. ಅಂಗಡಿಯ ಗಾಜಿನ ಕೌಂಟರಿನ ಹಿಂದೆ ಕುಳಿತು, ಅಂಗಿಯ ಗುಂಡಿಯಷ್ಟೇ ದೊಡ್ಡದಾದ ಒಂದು ಚರ್ಮದ ಬಿಲ್ಲೆಯನ್ನು ಗೇಣೆತ್ತರದಿಂದ ಗಾಜಿನ ಮೇಲೆ ಬಿಡುತ್ತಿದ್ದರು. ಬಿಡುವಾಗ ಅದರ ಕಡೆ ನೋಡುತ್ತಿರಲಿಲ್ಲ, ಮುಖ ರಸ್ತೆಯ ಕಡೆಗಿರುತ್ತಿತ್ತು. ಬಿದ್ದ ಸಪ್ಪಳ ಕೇಳಿ ಒಂದನ್ನು ಕೆಂಪು ಮುಚ್ಚಳದ ಡಬ್ಬಿಗೆ ಹಾಕುವರು, ಇನ್ನೊಂದನ್ನು ಬಿಳಿ ಮುಚ್ಚಳದ ಡಬ್ಬಿಗೆ. ಕೆಲವನ್ನು ಮಾತಿಲ್ಲದೆ ಕಸದ ಬುಟ್ಟಿಗೆ ಎಸೆಯುವರು. ನನಗಂತೂ ಎಲ್ಲವೂ ಒಂದೇ ಥರ ಕೇಳುತ್ತಿದ್ದವು.

ವೈನಿ ಎಂದರೆ ನನ್ನ ಅಣ್ಣ ಶಿವಾನಂದನ ಹೆಂಡತಿ. ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರದ ಒಂದು ಓಣಿಯಲ್ಲಿ ಅಣ್ಣನದು ಆಟದ ಸಾಮಾನು ರಿಪೇರಿ ಮಾಡುವ ಅಂಗಡಿ. ಬ್ಯಾಟಿನ ಹಿಡಿಕೆ ಕೂಡಿಸುವುದು, ರಾಕೆಟ್ಟಿಗೆ ತಂತಿ ಎಳೆಯುವುದು, ಕೇರಂ ಬೋರ್ಡಿನ ಮೂಲೆ ಸರಿ ಮಾಡುವುದು, ಇಂಥವು. ತೊಂಬತ್ತರ ದಶಕದ ನಡುವಿನಲ್ಲಿ ಊರಿನ ಕಾಂಪ್ಲೆಕ್ಸುಗಳ ಮೇಲಂತಸ್ತಿನಲ್ಲೆಲ್ಲ ಸ್ನೂಕರ್, ಪೂಲ್ ಟೇಬಲ್ಲುಗಳು ಬಂದು ಕುಳಿತವು. ಅದರೊಂದಿಗೆ ಅಂಗಡಿಗೆ ಆ ಆಟದ ಕೋಲುಗಳೂ ಬರತೊಡಗಿದವು. ಕೋಲಿನ ತುದಿಗೆ ಹಿತ್ತಾಳೆಯ ಟೋಪಿ, ಅದರ ಮೇಲೆ ಅಂಟಿಸಿದ ಈ ಚರ್ಮದ ಬಿಲ್ಲೆ. ಎಲ್ಲರೂ ಅದನ್ನು ಟಿಪ್ಪು ಎನ್ನುತ್ತಾರೆ. ಇಡೀ ಆಟದಲ್ಲಿ ಚೆಂಡನ್ನು ಮುಟ್ಟುವುದು ಅದೊಂದೇ. ಅದು ಕೆಟ್ಟರೆ ಎಂಥ ಆಟಗಾರನೂ ಮಣ್ಣು ಮುಕ್ಕಬೇಕು.

ಅಣ್ಣನ ವಿಷಯ ಈಗಲೇ ಹೇಳಿಬಿಡುತ್ತೇನೆ. ಒಳ್ಳೆಯ ಮನುಷ್ಯ, ಆದರೆ ಬಾಯಿ ದೊಡ್ಡದು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಅಂಗಡಿಯ ಮುಂದಿನ ಸ್ಟೂಲಿನ ಮೇಲೆ ಕೂತು, ಬಂದವರಿಗೆ ಚಹಾ ತರಿಸಿ, ಒಂದು ಟಿಪ್ಪನ್ನು ಎರಡು ಬೆರಳಲ್ಲಿ ಹಿಡಿದು ಒಂದು ಕಣ್ಣು ಮುಚ್ಚಿ ಬೆಳಕಿಗೆ ನೋಡಿ, “ಫಸ್ಟ್ ಕ್ಲಾಸ್ ಮಾಲು, ತಗೊಂಡ ಹೋಗ್ರಿ, ಜಾರಿದ್ರ ನನ್ನ ಹೆಸರ ಬದಲಿ ಮಾಡ್ರಿ” ಎನ್ನುತ್ತಿದ್ದ. ಚರ್ಮದ ಬಿಲ್ಲೆಯ ಆರಪಾರ ಬೆಳಕು ಹಾಯುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳುವ ಪ್ರಸಂಗ ಬರಲಿಲ್ಲ, ಏಕೆಂದರೆ ಆ ಟಿಪ್ಪುಗಳು ನಿಜಕ್ಕೂ ಜಾರುತ್ತಿರಲಿಲ್ಲ. ಶಿವಾನಂದಣ್ಣನ ಕೈಗುಣ ದೊಡ್ಡದೆಂದು ಹುಬ್ಬಳ್ಳಿ ಧಾರವಾಡದ ಆಟಗಾರರಲ್ಲೆಲ್ಲ ಮಾತಾಯಿತು. ಅಣ್ಣ ಆ ಮಾತನ್ನು ನಂಬಿಯೂ ಬಿಟ್ಟ.

ನಾನಾಗ ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬೈರಿದೇವರಕೊಪ್ಪದ ಅಣ್ಣನ ಮನೆಯಲ್ಲೇ ಊಟ, ವಾಸ. ಭಾನುವಾರ ಮಧ್ಯಾಹ್ನ ಅಣ್ಣ ಮನೆಗೆ ಹೋಗಿ ಉಂಡು ಒಂದು ನಿದ್ದೆ ತೆಗೆಯುವಾಗ, ಉಳಿದ ದಿನ ಅಂಗಡಿಯ ಒಳಗೆ ರಿಪೇರಿ ಕೆಲಸ ನೋಡುವ ವೈನಿ ಮುಂದಿನ ಕೌಂಟರಿನಲ್ಲಿ ಕೂಡುತ್ತಿದ್ದರು. ಅಂಥದೊಂದು ಭಾನುವಾರ ಅವರಿಗೆ ಬುತ್ತಿ ಕೊಡಲು ಹೋದಾಗ ಈ ಕಿವಿಯ ಕೆಲಸ ನನ್ನ ಕಣ್ಣಿಗೆ ಬಿತ್ತು.

“ವೈನಿ, ಇದೇನ್ ನಡಿಸೀರಿ?”

“ಏನಿಲ್ಲೋ ಗುರು. ಹೊಸಾ ಪಾಕೀಟ ಬಂದೈತಿ. ನಿಮ್ಮಣ್ಣ ಎಲ್ಲಾ ಒಂದ ಡಬ್ಬ್ಯಾಗ ಸುರುವಿಬಿಡ್ತಾರ. ಒಂದ ಪಾಕೀಟಿನಾಗಿದ್ರೇನಾತು, ಅವು ಒಂದ ಅಲ್ಲ.”

“ಅಣ್ಣಗ ಗೊತ್ತೈತೇನ್ರಿ?”

“ಅವರು ಕೇಳಿಲ್ಲ, ನಾ ಹೇಳಿಲ್ಲ.” ಇನ್ನೊಂದು ಬಿಲ್ಲೆ ಬಿಟ್ಟು, ಕೇಳಿ, ಬುಟ್ಟಿಗೆ ಹಾಕಿದರು. “ನೀನೂ ಹೇಳಬ್ಯಾಡ. ಮಂದ್ಯಾಗ ಅವರಿಗೊಂದು ಹೆಸರೈತಿ. ಆ ಹೆಸರ ಮ್ಯಾಲ ಅವರು ಎಷ್ಟ ಖುಷಿ ಅದಾರ ನೋಡೀಯಲ್ಲ? ಅದು ಹಂಗ ಇರ್ಲಿ.”

ನಾನು ವಾರಕ್ಕೊಮ್ಮೆಯಾದರೂ ಸ್ನೂಕರ್ ಆಡುವವನು, ಟಿಪ್ಪಿನ ಬಗ್ಗೆ ನಾಲ್ಕು ಮಾತು ಬಲ್ಲೆನೆಂಬ ಜಂಬವಿತ್ತು. ವೈನಿಯೋ ಟೇಬಲ್ಲನ್ನು ಕಣ್ಣಾರೆ ಕಂಡವರೇ ಅಲ್ಲ. ಆ ಮೆಟ್ಟಿಲು ಹತ್ತಿ ಹೆಂಗಸರು ಹೋಗುವ ರೂಢಿ ಆಗ ನಮ್ಮಲ್ಲಿರಲಿಲ್ಲ. ಒಮ್ಮೆ ಅವರು ಕೇಳಿದರೆಂದು ಮನೆಯ ಜಮಖಾನೆಯ ಮೇಲೆ ನಿಂಬೆಹಣ್ಣು ಇಟ್ಟು ಲಟ್ಟಣಿಗೆಯಿಂದ ಆಟ ವಿವರಿಸಿದೆ. ಬಿಳಿಯ ಚೆಂಡು ಬಣ್ಣದ ಚೆಂಡಿಗೆ ಬಡಿದು ತಿರುಗಿ ನಮ್ಮತ್ತಲೇ ಬರುವ ಹೊಡೆತ ಒಂದಿದೆ, ಅದೇ ದೊಡ್ಡ ವಿದ್ಯೆ ಎಂದು ಹೇಳಿದೆ. ವೈನಿ ಹಣ್ಣನ್ನೇ ನೋಡುತ್ತ ಕೂತು, “ಹಂಗಂದ್ರ ಟಿಪ್ಪು ಚಂಡಿನ್ನ ಬರೇ ದಬ್ಬೂದಲ್ಲ. ಒಂದು ಗಳಿಗಿ ಹಿಡಕೋಬೇಕು. ಭಾಳ ಬಿರುಸಿದ್ರ ಹಿಡಿಯೂದಿಲ್ಲ, ಭಾಳ ಮೆತ್ತಗಿದ್ರ ಬಿಡೂದಿಲ್ಲ” ಎಂದರು. ಇಷ್ಟು ವರ್ಷ ಕೋಲು ಹಿಡಿದ ನನಗೆ ಯಾರೂ ಇದನ್ನು ಇಷ್ಟು ನೆಟ್ಟಗೆ ಹೇಳಿರಲಿಲ್ಲ. ಎದ್ದು ಕಾಲಿಗೆ ಬೀಳೋಣ ಅನ್ನಿಸಿತು. ಅವರು ನಿಂಬೆಹಣ್ಣು ಎತ್ತಿಕೊಂಡು ಉಪ್ಪಿನಕಾಯಿಗೆ ಹೆಚ್ಚಲು ಹೋದರು.

ಎರಡು ಡಬ್ಬಿಗಳ ಹುಟ್ಟೂ ಹೀಗೇ ಅಡುಗೆಮನೆಯದು. ವೈನಿಯ ತವರು ಧಾರವಾಡ. ಬೇಸಿಗೆಯಲ್ಲಿ ಅಕ್ಕತಂಗಿಯರು ಕೂಡಿ ಹಪ್ಪಳ ಒತ್ತಿ ಹಂಚಿಕೊಳ್ಳುತ್ತಿದ್ದರು. ಅದೇ ಹಿಟ್ಟು, ಅದೇ ಕೈ. ಮಳೆಗಾಲದಲ್ಲಿ ಹುಬ್ಬಳ್ಳಿಯ ಹಪ್ಪಳ ಕಟ್ ಎಂದು ಮುರಿದರೆ ಧಾರವಾಡದ್ದು ಡಬ್ಬಿಯಲ್ಲೇ ಬಾಗುತ್ತಿತ್ತು. ಒಂದು ವರ್ಷ ಜೂನ್ ಮುಗಿಯುವುದರಲ್ಲಿ ಧಾರವಾಡದ ಆಟಗಾರರಿಬ್ಬರು ಬಂದು, ಬೇಸಿಗೆಯಲ್ಲಿ ಚೆನ್ನಾಗಿದ್ದ ಟಿಪ್ಪು ಈಗ ಅಣಬೆಯಂತೆ ಅರಳಿ ಕೂತಿದೆ ಎಂದು ಅಣ್ಣನ ಮುಂದೆ ಗೊಣಗಿದರು. ಅಣ್ಣ ಅವರ ಆಟವನ್ನೇ ಬೈದು ಕಳಿಸಿದ. ವೈನಿ ಒಳಗಿನಿಂದ ಕೇಳಿಸಿಕೊಂಡರು. ಮಾರನೆಯ ದಿನದಿಂದ ಎರಡು ಡಬ್ಬಿಗಳಾದವು. ಬಿರುಸಾದವು ಕೆಂಪು ಮುಚ್ಚಳದ್ದರಲ್ಲಿ, ಅವು ಧಾರವಾಡಕ್ಕೆ. ಅಲ್ಲಿಯ ತಂಪಿನಲ್ಲಿ ಅವು ತಾವೇ ಹದಕ್ಕೆ ಬರುತ್ತವೆ. ಹದವಾಗಿಯೇ ಇದ್ದವು ಬಿಳಿ ಮುಚ್ಚಳದ್ದರಲ್ಲಿ, ಹುಬ್ಬಳ್ಳಿಗೆ. “ಧಾರವಾಡದವ್ರು ಬಂದ್ರ ಕೆಂಪ ಡಬ್ಬ್ಯಾಗಿಂದು ಕೊಡ್ರಿ” ಎಂದು ಅಣ್ಣನ ಕಿವಿಯಲ್ಲಿ ಮಾತಿನ ನಡುವೆ ಹಾಕಿದರು. ಎರಡು ದಿನ ಕಳೆಯುವುದರೊಳಗೆ ಅಣ್ಣ ಬಂದವರಿಗೆಲ್ಲ, “ಈ ಎರಡು ಊರಿನ ಹವಾ ಬ್ಯಾರೆ ಐತ್ರಿ, ನಾ ಅಭ್ಯಾಸ ಮಾಡೇನಿ” ಎನ್ನುತ್ತಿದ್ದ. ವೈನಿ ಒಳಗೆ ರಾಕೆಟ್ಟಿಗೆ ತಂತಿ ಎಳೆಯುತ್ತಿದ್ದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಆಮೇಲೆ ಅಗ್ಗದ, ಕಲ್ಲಿನಂಥ, ತಿರುಪು ಹಾಕಿ ಕೂಡಿಸುವ ಟಿಪ್ಪುಗಳು ಬಂದವು. ಪೂಲ್ ಪಾರ್ಲರಿನ ಮಾಲಕರು ಅವನ್ನೇ ಇಡಿ ಎಂದು ದುಂಬಾಲು ಬಿದ್ದರು. ನಾನು ಅಂಗಡಿಯ ಮರ್ಯಾದೆ ಕಾಯಲು ನಿಂತೆ. ಅಂಥ ಕಸವನ್ನು ನಮ್ಮ ಅಂಗಡಿಯಲ್ಲಿ ಇಡಲೇಬಾರದು ಎಂದು ಊಟಕ್ಕೆ ಕೂತಾಗ ಭಾಷಣ ಮಾಡಿದೆ. ವೈನಿ ರೊಟ್ಟಿ ಹಾಕುತ್ತ ಕೇಳಿದರು: “ಆ ಪಾರ್ಲರಿನ ಹುಡುಗೂರು ಕೋಲು ಹೆಂಗ ಹಿಡೀತಾರೋ?”

“ಕುಡಗೋಲ ಹಿಡಿದಂಗ ಹಿಡೀತಾರ್ರಿ. ಚಾಕ್ ಹಚ್ಚೂದಿಲ್ಲ, ಮೂಲ್ಯಾಗ ಒಗೀತಾರ.”

“ಮತ್ತ ಅವರ ಕೈಯಾಗ ಛಲೋ ಚರ್ಮ ಕೊಟ್ಟು ಅದನ್ಯಾಕ ಸಾಯಿಸ್ತಿ? ಅವರಿಗೆ ಆ ಕಲ್ಲ ಇರ್ಲಿ. ಅವರೂ ಆಡಬೇಕಲ್ಲಾ. ಅಂಗಡ್ಯಾಗ ಏನಿಡಬೇಕಂತ ಮಾಲು ನೋಡಿ ಹೇಳಾಕ ಬರೂದಿಲ್ಲೋ, ಆಡಾವ್ರನ್ನ ನೋಡಿ ಹೇಳಬೇಕು.” ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ. ಕಲ್ಲು ಟಿಪ್ಪುಗಳಿಗೆ ಒಂದು ಹಳೆಯ ಬಿಸ್ಕೀಟಿನ ಡಬ್ಬಿ ಬಂತು.

ಈಗ ದಸ್ತಗೀರ್ ಸಾಹೇಬರ ಮಾತು. ಸ್ಕೂಟರ್ ರಿಪೇರಿಯ ಗ್ಯಾರೇಜಿನವರು, ಅಣ್ಣನ ಗೆಳೆಯರು. ಹುಬ್ಬಳ್ಳಿಯಲ್ಲಿ ಅವರಷ್ಟು ಚೆಂದ ಸ್ನೂಕರ್ ಆಡುವವರನ್ನು ನಾನು ನೋಡಿಲ್ಲ. ಗ್ರೀಸು ತಿಕ್ಕಿ ತೊಳೆದ ಕೈಯಲ್ಲಿ ಕೋಲು ಹಿಡಿದರೆ ಸುತ್ತಲಿನವರು ಮಾತು ನಿಲ್ಲಿಸುತ್ತಿದ್ದರು. ಧಾರವಾಡದ ಒಂದು ಹಳೆಯ ಕ್ಲಬ್ಬು ಮೊದಲ ಬಾರಿಗೆ ಸದಸ್ಯರಲ್ಲದವರನ್ನೂ ಕರೆದು ಎರಡೂ ಊರಿನ ಸ್ಪರ್ಧೆ ಇಟ್ಟಾಗ ಸಾಹೇಬರು ಫೈನಲ್ಲಿಗೆ ಬಂದರು. ಇಂಥದ್ದೇ ಒಂದು ಫೈನಲ್ಲನ್ನು ಅವರು ಹಿಂದೆ ಬೆಳಗಾವಿಯಲ್ಲಿ ಸೋತಿದ್ದರು. ಕೊನೆಯ ಹೊಡೆತದಲ್ಲಿ ಟಿಪ್ಪು ಜಾರಿತ್ತು. “ನಾ ಸೋತ್ನೋ, ಕಟಿಗಿ ಸೋತಿತೋ, ಇವತ್ತಿಗೂ ಗೊತ್ತಾಗಿಲ್ಲ ನೋಡ್ರಿ. ಅದ ಒಂದು ಮುಳ್ಳು” ಎಂದು ಚಹಾ ಕುಡಿಯುವಾಗೆಲ್ಲ ಹೇಳುತ್ತಿದ್ದರು. ಈ ಸಲ ಕೋಲನ್ನು ಅಣ್ಣನ ಕೈಗೆ ಕೊಟ್ಟು, “ಶಿವಾನಂದಣ್ಣಾ, ನಿಮ್ಮ ಕೈ ಮ್ಯಾಲ ಬಿಟ್ಟೇನಿ” ಎಂದರು. ಅಣ್ಣ ಬೆಳಕಿಗೆ ಹಿಡಿದು ನೋಡುವ ನಾಟಕವನ್ನೆಲ್ಲ ಆಡಿದ. ಟಿಪ್ಪು ಆರಿಸಿ ಅಂಟಿಸಿದ್ದು ವೈನಿ. ಶ್ರಾವಣ ಮಾಸ, ಧಾರವಾಡದಲ್ಲಿ ಬಿಡದೆ ಜಿಟಿಜಿಟಿ ಮಳೆ. ಕೆಂಪು ಡಬ್ಬಿಯದನ್ನೇ ಹಾಕಿದರು.

ಹಾಕಿಕೊಟ್ಟು ಪಂಚಮಿ ಹಬ್ಬಕ್ಕೆ ತವರಿಗೆ ಹೋದರು. ಫೈನಲ್ಲಿನ ದಿನ ಅವರನ್ನು ಮರಳಿ ಕರೆತರಲು ಅಣ್ಣನೂ ನಾನೂ ಧಾರವಾಡಕ್ಕೆ ಹೋದೆವು. ಅಣ್ಣನಿಗೆ ಹುರುಪು. “ನಡಿ, ನೀನೂ ನೋಡು ಬಾ, ನನ್ನ ಟಿಪ್ಪು ಹೆಂಗ ಆಡತೈತಿ ಅಂತ. ಕ್ಲಬ್ಬಿನಾಗ ಹೆಣ್ಣಮಕ್ಕಳೂ ಬರ್ತಾರ” ಎಂದು ವೈನಿಯನ್ನು ಎಬ್ಬಿಸಿಕೊಂಡು ಹೊರಟ. ಕೈಯಲ್ಲಿ ರಿಪೇರಿಯ ಪೆಟ್ಟಿಗೆ, ಅದರಲ್ಲಿ ಕೆಂಪು, ಬಿಳಿ ಎರಡೂ ಡಬ್ಬಿ. ಡಾಕ್ಟರು ಚೀಲ ಹಿಡಿದು ಹೊರಟಂತಿತ್ತು ಅವನ ಠೀವಿ.

ವೈನಿ ಜೀವನದಲ್ಲಿ ಮೊದಲ ಬಾರಿಗೆ ಸ್ನೂಕರ್ ಟೇಬಲ್ ಕಂಡದ್ದು ಅಂದು. ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತೆವು. ಹಸಿರು ಬಟ್ಟೆಯ ಮೇಲೆ ಬೀಳುವ ಬೆಳಕನ್ನು ಅವರು ಗುಡಿಯಲ್ಲಿ ನಿಂತವರಂತೆ ನೋಡಿದರು. ಆದರೆ ಬೇಗನೇ ಅವರ ಕಣ್ಣು ಟೇಬಲ್ಲು ಬಿಟ್ಟು ಕಿಟಕಿಗೆ ಹೋಯಿತು. ಕಿಟಕಿಗಳೆಲ್ಲ ಮುಚ್ಚಿದ್ದವು. ಗೋಡೆಯಲ್ಲಿ ಹೊಸದಾಗಿ ಕೂಡಿಸಿದ ಏಸಿ ಗುಂಯ್ ಎನ್ನುತ್ತಿತ್ತು. ವೈನಿ ಪರದೆಯ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿ ನನ್ನ ಕಡೆ ಬಾಗಿದರು.

“ಗುರು, ಹೊರಗ ಇಷ್ಟ ಮಳಿ ಐತಿ, ಈ ಪರದೆ ಗರಿಗರಿ ಒಣಗೇತಿ. ಇಲ್ಲೆ ಧಾರವಾಡದ ಹವಾನ ಇಲ್ಲೋ.”

ನನಗೆ ಅರ್ಥವಾಗುವಷ್ಟರಲ್ಲಿ ಸಾಹೇಬರ ಕೋಲು ಕಿರ್ರೆಂದು ಜಾರಿ ಬಿಳಿಯ ಚೆಂಡು ದಿಕ್ಕು ತಪ್ಪಿತು. ತಂಪಿನಲ್ಲಿ ಹದಕ್ಕೆ ಬರಲೆಂದು ಹಾಕಿದ ಬಿರುಸು ಚರ್ಮ ಆ ಒಣ ಹವೆಯಲ್ಲಿ ಇನ್ನಷ್ಟು ಬಿರುಸಾಗಿತ್ತು, ಜಾರದಿರಲೆಂದು ತುದಿಗೆ ಹಚ್ಚುವ ಚಾಕಿನ ಪುಡಿಯನ್ನು ಹಿಡಿಯುತ್ತಲೇ ಇರಲಿಲ್ಲ. ಫೈನಲ್ಲಿಗೆ ಮೂರು ಫ್ರೇಮ್, ಎಂದರೆ ಮೂರು ಆಟ; ಮೊದಲ ಫ್ರೇಮ್ ಹೋಯಿತು. ಎರಡನೆಯದನ್ನು ಸಾಹೇಬರು ಮೆಲ್ಲಗೆ ತಟ್ಟಿ ತಟ್ಟಿ ಹೇಗೋ ಗೆದ್ದರು. ಉಳಿದದ್ದು ಒಂದೇ. ಅವರ ಮುಖದಲ್ಲಿ ಬೆಳಗಾವಿ ಕಾಣುತ್ತಿತ್ತು.

“ತಪ್ಪು ನಂದು,” ವೈನಿ ಅಂದರು. “ಊರು ನೋಡಿ ಹಾಕಿದೆ, ಖೋಲಿ ನೋಡ್ಲಿಲ್ಲ.”

ಸಾಹೇಬರು ಟಿಪ್ಪು ಬದಲಿಸಲು ಸಮಯ ಕೇಳಿದರು. ರೆಫರಿ ನಿಯಮದಂತೆ ಸ್ವಲ್ಪ ಹೊತ್ತು ಕೊಟ್ಟರು. ಅಣ್ಣ ಎಲ್ಲರ ನಡುವೆ ಎದ್ದು ಹೋಗಿ ಪೆಟ್ಟಿಗೆ ತೆರೆದ. ಧಾರವಾಡವಲ್ಲವೇ, ಅವನ ಕೈ ಸೀದಾ ಕೆಂಪು ಡಬ್ಬಿಗೆ ಹೋಯಿತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದ. “ಫಸ್ಟ್ ಕ್ಲಾಸ್” ಎಂದ. ಎರಡೂ ಊರಿನ ಆಟಗಾರರು ಸುತ್ತ ನಿಂತು ಅವನ ಕೈಯನ್ನೇ ನೋಡುತ್ತಿದ್ದರು.

ವೈನಿಯ ಬೆರಳುಗಳು ಸೆರಗಿನ ಅಂಚನ್ನು ಹಿಂಡುತ್ತಿದ್ದವು. ಅವರ ಸಂಕಟ ನನಗೆ ಗೊತ್ತಿತ್ತು, ಆ ಕೋಣೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು. ಸುಮ್ಮನೆ ಕೂತರೆ ಗಂಡನ ಹೆಸರು ಉಳಿಯುತ್ತದೆ, ಸೋತರೆ ದೈವ ಅನ್ನುತ್ತಾರೆ. ಎದ್ದರೆ ಇಷ್ಟು ವರ್ಷ ಬಾಯಿ ಬಿಡದೆ ಕಾಪಾಡಿದ್ದು ಅವನ ಗೆಳೆಯರೆದುರೇ ಒಡೆಯುತ್ತದೆ. ಅಣ್ಣ ಅಂಟಿನ ಮುಚ್ಚಳ ತೆರೆದ. ವೈನಿ ಎದ್ದರು.

“ಏನ್ರಿ, ಒಂದೀಟು ತಡೀರಿ.”

ದೊಡ್ಡ ದನಿಯೇನಲ್ಲ. ಆದರೂ ಏಸಿಯ ಸಪ್ಪಳವೊಂದು ಬಿಟ್ಟು ಎಲ್ಲ ನಿಂತಿತು. ವೈನಿ ಬಿಳಿ ಡಬ್ಬಿ ತೆಗೆದುಕೊಂಡು ಕಿಟಕಿಯ ಕಲ್ಲಿನ ಕಟ್ಟೆಯ ಹತ್ತಿರ ಹೋದರು. ಒಂದು ಬಿಟ್ಟರು, ಮುಖ ಆಚೆ. ಬೇಡ. ಇನ್ನೊಂದು. ಬೇಡ. ಇಷ್ಟು ಜನರ ನಡುವೆ ಆ ಸಣ್ಣ ಸಪ್ಪಳ ಸ್ಪಷ್ಟವಾಗಿ ಕೇಳುತ್ತಿತ್ತು, ಎಲ್ಲರೂ ಕಿವಿಗೊಟ್ಟಿದ್ದರು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಒಂದು ಬಿಲ್ಲೆ ಬಿದ್ದಾಗ ಅವರು ತಲೆಯಾಡಿಸಿದರು. ಅಣ್ಣ ತನ್ನ ಕೈಯಲ್ಲಿದ್ದುದನ್ನು ಡಬ್ಬಿಗೆ ಹಾಕಿ, ಕೋಲನ್ನು ಅಲುಗದಂತೆ ಹಿಡಿದು ನಿಂತ. ವೈನಿ ಹಳೆಯ ಟಿಪ್ಪನ್ನು ಬ್ಲೇಡಿನಿಂದ ಕಿತ್ತರು, ಹಿತ್ತಾಳೆಯ ಮೋರೆಯನ್ನು ಅರದಿಂದ ಸಮ ಮಾಡಿದರು, ಅಂಟು ಹಚ್ಚಿ ಒತ್ತಿ ಹಿಡಿದರು. ಆಮೇಲೆ ಅಂಚು ಕೊರೆದು, ನಾಲಗೆಗೆ ಬೆರಳು ತಾಗಿಸಿ ಬದಿಯನ್ನು ಒದ್ದೆ ಮಾಡಿ, ಸೆರಗಿನಿಂದಲೇ ತಿಕ್ಕಿ ಹೊಳಪು ತಂದರು. ಅವಸರವೇ ಇರಲಿಲ್ಲ. ಮನೆಯಲ್ಲಿ ರೊಟ್ಟಿ ತಟ್ಟುವಾಗಿನ ಮುಖವೇ ಅದು. ಅಷ್ಟು ದೊಡ್ಡವರನ್ನು ಅಷ್ಟು ಹತ್ತಿರದಿಂದ ನಾನು ಮತ್ತೆ ಕಂಡಿಲ್ಲ, ಇದನ್ನು ಎದೆ ಮುಟ್ಟಿ ಹೇಳುತ್ತೇನೆ.

ಸಾಹೇಬರು ಕೋಲು ತೆಗೆದುಕೊಂಡು ಅಣ್ಣನನ್ನು ನೋಡಿದರು, ವೈನಿಯನ್ನು ನೋಡಿದರು. “ಭಾಬೀ, ಇದೆಲ್ಲಾ ನೀವಾ?”

“ಆಡ್ರಿ ಸಾಹೇಬರ. ಮೊದಲ ಒಂದ್ನಾಕು ಹೊಡತ ಸಾವಕಾಶ ಹೊಡೀರಿ. ಅದು ಇನ್ನೂ ಹೊಸಾದು, ನಿಮ್ಮ ಕೈ ಗುರುತ ಹಿಡೀಲಿ.”

ಅವರು ಸಾವಕಾಶವಾಗಿಯೇ ಶುರು ಮಾಡಿದರು. ಮುಂದೆ ಒಂದು ಹೊಡೆತದಲ್ಲಿ ಬಿಳಿಯ ಚೆಂಡು ಕೆಂಪಿಗೆ ಬಡಿದು, ಒಂದು ಕ್ಷಣ ನಿಂತು, ಹಸಿರಿನುದ್ದಕ್ಕೂ ಹಿಂದೆ ಹಿಂದೆ ಉರುಳಿ ಬಂತು. ವೈನಿ ನನ್ನ ಮೊಣಕೈ ಹಿಡಿದರು. “ಹಿಡಕೊಂಡು ಬಿಟ್ಟಿತು ನೋಡು,” ಎಂದರು. ಕಣ್ಣು ತುಂಬಿದ್ದವು.

ಸಾಹೇಬರು ಗೆಲ್ಲಲಿಲ್ಲ. ಕೊನೆಯ ಕಪ್ಪು ಚೆಂಡು ತೂತಿನ ಬಾಯಲ್ಲಿ ನಿಂತುಬಿಟ್ಟಿತು, ಎದುರಾಳಿ ಅದನ್ನು ಹಾಕಿದ. ಸಾಹೇಬರು ಅವನ ಕೈ ಕುಲುಕಿ ನೆಟ್ಟಗೆ ವೈನಿಯ ಮುಂದೆ ಬಂದು ನಿಂತರು. “ಭಾಬೀ, ಇವತ್ತ ಸೋತಾವ ನಾನು. ಕಟಿಗೀದು ಏನೂ ತಪ್ಪಿಲ್ಲ. ಖರೇ ಹೇಳ್ತೇನಿ, ರಾತ್ರಿ ಛಲೋ ನಿದ್ದಿ ಬರತೈತಿ.” ಅವರು ನಗುತ್ತಿದ್ದರು.

ಮರಳುವಾಗ ಬಸ್ಸಿನಲ್ಲಿ ಅಣ್ಣ ಕಿಟಕಿಯ ಹೊರಗೆ ನೋಡುತ್ತ ಕೂತ. ನವನಗರ ದಾಟಿದ ಮೇಲೆ ಗಂಟಲು ಸರಿ ಮಾಡಿಕೊಂಡು, “ನಾನ ಕಲಿಸಿದ್ದು ಅಂತ ಹೇಳೇನಿ ಮಂದಿಗೆ” ಎಂದ.

“ಹೌದ್ರಿ,” ವೈನಿ ಅಂದರು. “ನೀವ ಕಲಿಸಿದ್ದು.”

ಅಣ್ಣ ಮುಂದೆಯೂ ಹಾಗೆಯೇ ಹೇಳುತ್ತ ಬಂದ. ಗಿರಾಕಿಗಳು ತಲೆಯಾಡಿಸುವರು, ಕಣ್ಣು ಮಾತ್ರ ಅವನ ಭುಜದ ಮೇಲಿಂದ ಒಳಗೆ ವೈನಿಯ ಕಡೆ ಹೋಗುವುದು. ಅವನು ಟಿಪ್ಪು ಆರಿಸಿ ಕಾಗದದಲ್ಲಿ ಕಟ್ಟಲು ಒಳಗೆ ಕೊಡುವನು. ಅದು ಸರಿಯಿಲ್ಲದಿದ್ದರೆ ವೈನಿ, “ಕಾಗದ ಸಿಗವಲ್ದು, ಒಂದೀಟು ನಿಂದರ್ರಿ” ಎಂದು ಬೇರೆಯದನ್ನು ಕಟ್ಟಿ ಕೊಡುವರು. ಹೀಗೆ ವರ್ಷಗಳು ಹೋದವು. ಇಬ್ಬರೂ ಸುಖವಾಗಿದ್ದರು ಎಂದೇ ನನಗೆ ಅನ್ನಿಸುತ್ತದೆ.

ವೈನಿಯನ್ನು ಜ್ವರವೆಂದು ಆಸ್ಪತ್ರೆಗೆ ಸೇರಿಸಿದಾಗ ಯಾರೂ ಗಾಬರಿಯಾಗಿರಲಿಲ್ಲ. ಸಂಜೆ ಕೆಲಸ ಮುಗಿಸಿ ನೋಡಲು ಹೋದೆ. ದನಿ ಸಣ್ಣಗಾಗಿತ್ತು.

“ಮುಂಬೈದಿಂದ ಟಿಪ್ಪಿನ ಪಾಕೀಟ ಬಂತೇನೋ?”

“ಬಂದೈತ್ರಿ ವೈನಿ.”

“ಒಡೀಬ್ಯಾಡಂತ ಹೇಳು ನಿಮ್ಮಣ್ಣಗ. ನಾ ಬಂದ ಮ್ಯಾಲ ನೋಡೂಣಂತ.”

ಅವರು ಬರಲಿಲ್ಲ. ಮರುದಿನ ಬೆಳಗ್ಗೆ ನಾವು ಅವರನ್ನು ಮನೆಗೆ ತಂದೆವು, ತರಬಾರದ ರೀತಿಯಲ್ಲಿ.

ದಿನಕರ್ಮಗಳೆಲ್ಲ ಮುಗಿದು ಅಂಗಡಿ ತೆರೆದ ಮೊದಲ ದಿನ ನಾನೂ ರಜೆ ಹಾಕಿ ಅಣ್ಣನ ಜೊತೆಗೆ ಹೋದೆ. ಧಾರವಾಡದ ಆಟಗಾರರೊಬ್ಬರು ಬಂದರು. ವೈನಿ ಹೋದ ಸುದ್ದಿ ಅವರಿಗೆ ತಿಳಿದಿತ್ತು. ಸಂಕೋಚದಿಂದ, ಒಂದು ಟಿಪ್ಪು ಬೇಕಿತ್ತು ಎಂದರು.

“ಇಲ್ರಿ,” ಅಣ್ಣ ಅಂದ.

“ಅಲ್ಲೆ ಪಾಕೀಟ ಕಾಣಾಕತ್ತೈತೆಲ್ರಿ ಅಣ್ಣಾರ.”

“ಐತ್ರಿ. ಅದರಾಗ ಯಾವುದು ಛಲೋ, ಯಾವುದು ಕೆಟ್ಟದ್ದು, ನನಗ ತಿಳಿಯೂದಿಲ್ಲರಿ. ಎಂದೂ ತಿಳಿದಿದ್ದಿಲ್ಲ. ಎಲ್ಲಾ ಆಕಿನ ನೋಡ್ತಿದ್ಲು.”

ಬಂದವರು ಎದ್ದು ಅಣ್ಣನ ಕೈ ಹಿಡಿದು ಹೊರಟುಹೋದರು. ಮಧ್ಯಾಹ್ನ ಬ್ಯಾಟು ತಂದವರಿಗೂ ಅಣ್ಣ ಅದನ್ನೇ ಹೇಳಿದ. ಸಂಜೆ ಕೇರಂ ಬೋರ್ಡಿಗೆ ಹಾಕುವ ಪೌಡರ್ ಕೇಳಿಕೊಂಡು ಬಂದ ಒಬ್ಬ ಅಪರಿಚಿತನಿಗೂ, ಅವನು ಏನೂ ಕೇಳದಿದ್ದರೂ, ಕೈಗೆ ಪೌಡರಿನ ಡಬ್ಬಿ ಕೊಡುತ್ತ ಹೇಳಿದ: “ಎಲ್ಲಾ ಆಕಿನ ನೋಡ್ತಿದ್ಲು ನೋಡ್ರಿ. ನಾ ಬರೇ ಇಲ್ಲೆ ಕುಂದರ್ತಿದ್ದೆ.”